ತೂಕದ ಇಳಿಕೆ ಮತ್ತು ಉಳಿಕೆ

ದೇಹದಲ್ಲಿ ಕೂಡಿಕೊಂಡ ಹೆಚ್ಚಿನ ಕೊಬ್ಬನ್ನು ತಿಂಗಳುಗಟ್ಟಲೆ, ಹಲವು ಸಲ ವರ್ಷಗಟ್ಟಲೆ, ಅಷ್ಟಷ್ಟಾಗಿ ಕರಗಿಸಿಕೊಳ್ಳುವುದನ್ನು ಕ್ರಮಿಕ ತೂಕ ಇಳಿಕೆ ಎನ್ನುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಭಾರತೀಯರಿಗಾಗಿ ಹೊರಡಿಸಿರುವ ಆಹಾರ ಮಾರ್ಗಸೂಚಿಯ ಪ್ರಕಾರ ವಾರಕ್ಕೆ ಅರ್ಧ ಕಿಲೋ ಇಳಿಕೆ ಸುರಕ್ಷಿತ; ದಿನದ ಆಹಾರ 1,000 ಕಿಲೋಕ್ಯಾಲರಿಗಿಂತ ಕೆಳಗಿಳಿಯಬಾರದು. ಅಮೆರಿಕದ ಆರೋಗ್ಯ ಸಂಸ್ಥೆಗಳು 1998ರಲ್ಲಿ ಕೊಟ್ಟ ಸಲಹೆಯಲ್ಲಿ ಆರು ತಿಂಗಳಿಗೆ ಶೇ. 10ರಷ್ಟು ಇಳಿಕೆಯ ಗುರಿಯಿತ್ತು. ಇವು ವೈದ್ಯರು ಹಾಕಿಕೊಟ್ಟ ಮಿತಿಗಳು. ಜನ ಇವನ್ನು ಮಿತಿಗಳೆಂದು ಓದಿಕೊಳ್ಳುವುದು ಕಡಿಮೆ. ಬ್ಯಾಂಕಿನ ನಿಶ್ಚಿತ ಠೇವಣಿಯ ಬಡ್ಡಿಯಂತೆ ವಾರವಾರವೂ ಅರ್ಧ ಕಿಲೋ ತಾನಾಗಿ ಜಮೆಯಾಗುತ್ತದೆ ಎಂದುಕೊಳ್ಳುತ್ತಾರೆ. ಆರನೆಯದೋ ಏಳನೆಯದೋ ತಿಂಗಳಲ್ಲಿ ತೂಕದ ಯಂತ್ರದ ಮುಳ್ಳು ಅಲ್ಲಾಡದೆ ನಿಂತಾಗ ತಮ್ಮಲ್ಲೇ ಏನೋ ದೋಷವಿದೆಯೆಂದು ತೀರ್ಮಾನಿಸಿ, ಅಲ್ಲಿಯವರೆಗೆ ಪಾಲಿಸಿದ್ದನ್ನೆಲ್ಲ ಕೈಬಿಡುತ್ತಾರೆ. ಕಳೆದ ಅರ್ಧ ಶತಮಾನದ ಸಂಶೋಧನೆಯನ್ನು ಒಟ್ಟಿಗಿಟ್ಟು ನೋಡಿದರೆ ತಪ್ಪು ಅವರಲ್ಲಿಲ್ಲ, ಅಳತೆಗೋಲಿನಲ್ಲಿದೆ ಎಂಬುದು ಕಾಣುತ್ತದೆ. ‘ವಾರಕ್ಕೆ ಎಷ್ಟು ಕಿಲೋ’ ಎಂಬುದು ತೂಕ ಇಳಿಕೆಯನ್ನು ಅಳೆಯಲು ಒಪ್ಪುವ ಮಾನವಲ್ಲ. ಅವರವರ ತೂಕದಲ್ಲಿ ಶೇಕಡಾ ಎಷ್ಟು ಇಳಿಯಿತು, ಮೂರನೆಯ ವರ್ಷದ ಹೊತ್ತಿಗೆ ಅದರಲ್ಲಿ ಎಷ್ಟು ಉಳಿಯಿತು ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರವೇ ನಿಜವಾದ ಲೆಕ್ಕ.

ನಿಧಾನದ ಸಲಹೆ ಹೊಸದೇನೂ ಅಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯ ಸ್ಥೌಲ್ಯವನ್ನೂ (ಬೊಜ್ಜು) ಕಾರ್ಶ್ಯವನ್ನೂ (ಬಡಕಲುತನ) ಜೊತೆಯಲ್ಲಿಟ್ಟು ಚರ್ಚಿಸುತ್ತದೆ. ಎರಡರಲ್ಲಿ ಸ್ಥೌಲ್ಯಕ್ಕೇ ಚಿಕಿತ್ಸೆ ಕಷ್ಟವೆಂದು ಒಪ್ಪಿಕೊಳ್ಳುತ್ತದೆ. ಹೊಟ್ಟೆಗೆ ಭಾರವೆನಿಸಿ ಹಸಿವು ತಣಿಸಬೇಕು, ಆದರೆ ಮೈಗೆ ಹೆಚ್ಚು ಪುಷ್ಟಿ ಕೊಡಬಾರದು, ಅಂಥ ಆಹಾರವನ್ನು ಅದು ಹೇಳುತ್ತದೆ. ವ್ಯಾಯಾಮವನ್ನು ‘ಕ್ರಮೇಣ’ ಹೆಚ್ಚಿಸುತ್ತ ಹೋಗಬೇಕೆನ್ನುತ್ತದೆ. ಆಧುನಿಕ ಪಥ್ಯದ ಮೊದಲ ಪ್ರಸಿದ್ಧ ವ್ಯಕ್ತಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ಶವಸಂಸ್ಕಾರದ ಏರ್ಪಾಡು ಮಾಡುವುದು ಆತನ ಕಸುಬು. 1862ರ ಆಗಸ್ಟಿನಲ್ಲಿ 202 ಪೌಂಡು, ಎಂದರೆ ಸುಮಾರು 92 ಕಿಲೋ ಇದ್ದವನು ವೈದ್ಯ ವಿಲಿಯಂ ಹಾರ್ವಿಯ ಮಾತಿನಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು, ಒಂದು ವರ್ಷದಲ್ಲಿ 46 ಪೌಂಡು ಇಳಿದ. ಆತ 1863ರಲ್ಲಿ ಅಚ್ಚು ಹಾಕಿಸಿದ ಕಿರುಹೊತ್ತಗೆ ಎಷ್ಟು ಓಡಾಡಿತೆಂದರೆ ಸ್ವೀಡಿಷ್ ಭಾಷೆಯಲ್ಲಿ ಪಥ್ಯ ಮಾಡುವುದಕ್ಕೆ ಇಂದಿಗೂ ಆತನ ಹೆಸರಿನಿಂದಲೇ ಹುಟ್ಟಿದ ಕ್ರಿಯಾಪದವಿದೆ. ಆ ಇಳಿಕೆಯನ್ನು ಭಾಗಿಸಿ ನೋಡಿದರೆ ವಾರಕ್ಕೆ 400 ಗ್ರಾಮಿನ ಆಸುಪಾಸು ಬರುತ್ತದೆ. ಪಥ್ಯದ ಹುಚ್ಚನ್ನು ಯೂರೋಪಿಗೆಲ್ಲ ಹಚ್ಚಿದವನು ಇಂದಿನ ಜಾಹೀರಾತುಗಳ ಕಣ್ಣಿಗೆ ಸೋಮಾರಿಯಾಗಿ ಕಂಡಾನು.

ಆ ಜಾಹೀರಾತುಗಳ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ‘ಒಂದೇ ತಿಂಗಳಲ್ಲಿ ಹತ್ತು ಕಿಲೋ’ ಎಂಬ ಬರಹ ಬಸ್ ನಿಲ್ದಾಣದ ಗೋಡೆಗಳಿಂದ ಮೊಬೈಲಿನ ಪರದೆಯವರೆಗೆ ಎಲ್ಲ ಕಡೆ ಇದೆ. ಮೈಯ ಕೊಬ್ಬಿನ ಒಂದು ಕಿಲೋದಲ್ಲಿ ಸುಮಾರು 7,700 ಕಿಲೋಕ್ಯಾಲರಿ ಅಡಗಿರುತ್ತದೆ. ಹತ್ತು ಕಿಲೋ ಎಂದರೆ 77,000. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 2,560ಕ್ಕೂ ಮೇಲಿನ ಕೊರತೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದಂತೆ, ಕೂತು ಕೆಲಸ ಮಾಡುವ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ ಬೇಕಾಗುವುದು 1,660 ಕಿಲೋಕ್ಯಾಲರಿ, 65 ಕಿಲೋ ತೂಕದ ಗಂಡಸಿಗೆ 2,110. ಆಕೆ ತಿಂಗಳಿಡೀ ನೀರು ಬಿಟ್ಟು ಬೇರೇನೂ ಮುಟ್ಟದೆ ನಿರಾಹಾರವಿದ್ದರೂ ಕೊರತೆ 50,000 ದಾಟುವುದಿಲ್ಲ. ಅಷ್ಟೂ ಕೊಬ್ಬಿನಿಂದಲೇ ಹೋದರೂ ಆರೂವರೆ ಕಿಲೋ. ಜಾಹೀರಾತಿನ ಮಾತು ನಿಜವಾಗಬೇಕಾದರೆ ಉಳಿದದ್ದು ನೀರಿನಿಂದಲೂ ಸ್ನಾಯುವಿನಿಂದಲೂ ಹೋಗಬೇಕು. ಕಳೆದುಕೊಳ್ಳಬೇಕೆಂದು ಯಾರೂ ದುಡ್ಡು ಕೊಡದ ವಸ್ತುಗಳು ಇವು.

ಇಲ್ಲಿಯವರೆಗಿನ ಗಣಿತ ಸರಳ. ತೊಡಕು ಶುರುವಾಗುವುದು ಇದೇ ಗಣಿತವನ್ನು ವರ್ಷಗಳಿಗೆ ಎಳೆದಾಗ. ನ್ಯೂಯಾರ್ಕಿನ ವೈದ್ಯ ಮ್ಯಾಕ್ಸ್ ವಿಶ್ನಾಫ್‌ಸ್ಕಿ 1958ರಲ್ಲಿ ಒಂದು ಪೌಂಡು ದೇಹತೂಕ 3,500 ಕಿಲೋಕ್ಯಾಲರಿಗೆ ಸಮವೆಂದು ಲೆಕ್ಕ ಹಾಕಿ ತೋರಿಸಿದ. ಆ ಅಂಕಿ ಮುಂದೆ ಪಠ್ಯಪುಸ್ತಕ, ಆಸ್ಪತ್ರೆಯ ಕರಪತ್ರ, ಈಚೆಗೆ ಮೊಬೈಲ್ ಆ್ಯಪುಗಳವರೆಗೆ ಹಬ್ಬಿತು. ದಿನಕ್ಕೆರಡು ಲೋಟ ಕಾಫಿ ಕುಡಿಯುವವರು ಲೋಟಕ್ಕೆ ಎರಡರಂತೆ ನಾಲ್ಕು ಚಮಚ ಸಕ್ಕರೆ ಬಿಟ್ಟರೆಂದುಕೊಳ್ಳಿ. ಉಳಿತಾಯ ದಿನಕ್ಕೆ 80 ಕಿಲೋಕ್ಯಾಲರಿ. ಹಳೆಯ ಸೂತ್ರದ ಪ್ರಕಾರ ವರ್ಷಕ್ಕೆ 3.8 ಕಿಲೋ, ಮೂರು ವರ್ಷಕ್ಕೆ 11 ಕಿಲೋ, ಹತ್ತು ವರ್ಷಕ್ಕೆ 38 ಕಿಲೋ ಇಳಿಯಬೇಕು. ಇಪ್ಪತ್ತು ವರ್ಷಕ್ಕೆ ಮನುಷ್ಯನೇ ಉಳಿಯುವುದಿಲ್ಲ! ಸೂತ್ರದ ತಪ್ಪು ಈ ಅಸಂಬದ್ಧದಲ್ಲೇ ಇದೆ. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ. ಹಗುರವಾದ ಮೈಯನ್ನು ಹೊತ್ತು ಓಡಾಡಲು ಮೊದಲಿನಷ್ಟು ಇಂಧನ ಬೇಡ. ಇಂದಿನ 80ರ ಕೊರತೆ ಮುಂದಿನ ವರ್ಷಕ್ಕೆ 40 ಆಗಿರುತ್ತದೆ, ಕೊನೆಗೆ ಸೊನ್ನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಮಾದರಿ ಇದನ್ನು ಲೆಕ್ಕಕ್ಕೆ ತಂದಿತು. ಅವರ ಅಂದಾಜು ಲೆಕ್ಕ ಹೀಗಿದೆ: ದಿನದ ಆಹಾರದಲ್ಲಿ ಶಾಶ್ವತವಾಗಿ ಕಡಿಮೆಯಾದ ಪ್ರತಿ 10 ಕಿಲೋಕ್ಯಾಲರಿಗೆ ಕಟ್ಟಕಡೆಗೆ ಸುಮಾರು 450 ಗ್ರಾಂ ತೂಕ ಇಳಿಯುತ್ತದೆ, ಅದರ ಅರ್ಧ ಮೊದಲ ವರ್ಷದಲ್ಲಿ, ಶೇ. 95 ಮೂರು ವರ್ಷದಲ್ಲಿ. ಕಾಫಿಯ ಸಕ್ಕರೆ ಬಿಟ್ಟವರಿಗೆ ಹಾಗಾದರೆ ಸಿಗುವುದು ಒಟ್ಟು ಮೂರೂವರೆ ಕಿಲೋ, ಅದೂ ಮೂರು ವರ್ಷಕ್ಕೆ. ನಾಲ್ಕು ಚಮಚ ಸಕ್ಕರೆಗೆ ಇದು ಕಡಿಮೆ ಪ್ರತಿಫಲವೇನಲ್ಲ. 38 ಕಿಲೋದ ಆಸೆ ಇಟ್ಟುಕೊಂಡವರಿಗೆ ಮಾತ್ರ ಇದು ಸೋಲಾಗಿ ಕಾಣುತ್ತದೆ.

ಆದ್ದರಿಂದ ತೂಕ ಇಳಿಕೆಯ ನಕ್ಷೆಯನ್ನು ಮನಸ್ಸಿನಲ್ಲಿ ಬರೆದುಕೊಳ್ಳುವಾಗ ನೇರ ಗೆರೆ ಎಳೆಯಬಾರದು. ಅದು ಘಟ್ಟದಿಂದ ಕರಾವಳಿಗೆ ಇಳಿಯುವ ರಸ್ತೆಯ ಹಾಗೆ ಮೊದಲು ಕಡಿದಾಗಿ, ಬರಬರುತ್ತ ಸಮತಟ್ಟಾಗಿ, ಕೊನೆಗೆ ಇಳಿಜಾರೆಂದೇ ಗೊತ್ತಾಗದಂತೆ ಸಾಗುತ್ತದೆ. ಮೊದಲ ವಾರದ ಕಡಿದಾದ ಇಳಿತವಂತೂ ಬಹುಮಟ್ಟಿಗೆ ನೀರಿನದು. ಯಕೃತ್ತು, ಸ್ನಾಯುಗಳಲ್ಲಿ ಸುಮಾರು ಅರ್ಧ ಕಿಲೋ ಗ್ಲೈಕೋಜನ್ ಎಂಬ ಶರ್ಕರದ ಸಂಗ್ರಹವಿರುತ್ತದೆ. ಅದರ ಪ್ರತಿ ಗ್ರಾಮು ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಮುದ್ದೆ, ಚಪಾತಿಗಳನ್ನು ಥಟ್ಟನೆ ಕಡಿಮೆ ಮಾಡಿದಾಗ ಈ ಗ್ಲೈಕೋಜನ್ ಖರ್ಚಾಗಿ, ಜೊತೆಯ ನೀರೂ ಹೊರಬಿದ್ದು, ಮುಳ್ಳು ಒಂದೂವರೆ ಎರಡು ಕಿಲೋ ಕೆಳಗಿಳಿಯುತ್ತದೆ. ‘ಏಳು ದಿನದ ಪಥ್ಯ’ಗಳ ಕೀರ್ತಿಯೆಲ್ಲ ನಿಂತಿರುವುದು ಈ ನೀರಿನ ಮೇಲೆ. ಇದಕ್ಕೆ ತಿರುಗುಮುರುಗಾದ ಗಾಬರಿಯೂ ಉಂಟು. ಹಬ್ಬದೂಟದ ಮರುದಿನ ಯಂತ್ರ ಒಂದು ಕಿಲೋ ಹೆಚ್ಚು ತೋರಿಸಿದರೆ ಅಷ್ಟೂ ಕೊಬ್ಬಾಗಿರಲು ಸಾಧ್ಯವಿಲ್ಲ. ಒಂದು ಕಿಲೋ ಕೊಬ್ಬು ಬೆಳೆಯಲು ಮಾಮೂಲಿನ ಊಟದ ಮೇಲೆ 7,700 ಕಿಲೋಕ್ಯಾಲರಿ ಬೇಕು. ಎಷ್ಟು ಒಬ್ಬಟ್ಟು ಬಡಿಸಿದರೂ ಒಂದೇ ಪಂಕ್ತಿಯಲ್ಲಿ ಅದು ಆಗುವ ಕೆಲಸವಲ್ಲ. ಉಪ್ಪು ಹಿಡಿದಿಟ್ಟ ನೀರು, ಮತ್ತೆ ತುಂಬಿಕೊಂಡ ಗ್ಲೈಕೋಜನ್, ಕರುಳಿನಲ್ಲಿರುವ ಆಹಾರ, ಹೆಂಗಸರಲ್ಲಿ ಮುಟ್ಟಿನ ಮುಂಚಿನ ದಿನಗಳು, ಇವೆಲ್ಲ ಸೇರಿ ಒಂದೆರಡು ಕಿಲೋ ಏರಿಳಿತವನ್ನು ಸುಲಭವಾಗಿ ಮಾಡುತ್ತವೆ. ವಾರಕ್ಕೆ ಕಾಲು ಕಿಲೋ ಇಳಿಯುತ್ತಿರುವವರ ನಿಜವಾದ ಇಳಿಕೆ ಈ ಅಲೆಗಳಡಿ ತಿಂಗಳವರೆಗೂ ಮುಚ್ಚಿಹೋಗಿರಬಹುದು.

ಸಮತಟ್ಟಾಗುವುದಕ್ಕೆ ಇಂಧನದ ಲೆಕ್ಕ ಒಂದೇ ಕಾರಣವಲ್ಲ. ದೇಹ ಪ್ರತಿಭಟಿಸುತ್ತದೆ ಎಂಬುದು ಇನ್ನೊಂದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದ 36 ಯುವಕರನ್ನು ಅವರ ಒಪ್ಪಿಗೆಯಿಂದಲೇ 24 ವಾರ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದ. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಜೊತೆಗೆ ಹಗಲಿರುಳೂ ಊಟದ ಯೋಚನೆ, ಚಳಿ, ಸಿಡುಕು, ಜಡತ್ವ. ಮತ್ತೆ ಹೊಟ್ಟೆತುಂಬ ಸಿಕ್ಕಾಗ ಕೊಬ್ಬು ಮೊದಲಿಗಿಂತ ಹೆಚ್ಚಾಗಿಯೇ ಮರಳಿತು. ಅವರೆಲ್ಲ ತೆಳ್ಳಗಿದ್ದವರು, ಬೊಜ್ಜಿರುವವರಲ್ಲಿ ಏನಾಗುತ್ತದೆಂಬುದಕ್ಕೆ ಮೆಲ್ಬರ್ನಿನಲ್ಲಿ 50 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವಿದೆ. ಹತ್ತು ವಾರದ ಕಟ್ಟುನಿಟ್ಟಿನ ಪಥ್ಯದಲ್ಲಿ ಸರಾಸರಿ 13.5 ಕಿಲೋ ಇಳಿದವರಲ್ಲಿ ಹಸಿವು ಕೆರಳಿಸುವ ಗ್ರೆಲಿನ್ ಏರಿತ್ತು, ತೃಪ್ತಿಯ ಸುದ್ದಿ ಮುಟ್ಟಿಸುವ ಲೆಪ್ಟಿನ್ ಇಳಿದಿತ್ತು. ಪಥ್ಯ ಮುಗಿದು ಒಂದು ವರ್ಷವಾದರೂ ಅವು ಹಳೆಯ ಮಟ್ಟಕ್ಕೆ ಬಂದಿರಲಿಲ್ಲ. ಹಾಲ್ ಮತ್ತು ಸಂಗಡಿಗರ 2016ರ ಅಂದಾಜು ಇನ್ನೂ ಸ್ಪಷ್ಟ: ಇಳಿದ ಪ್ರತಿ ಕಿಲೋಗೆ ದೇಹದ ದಿನದ ಖರ್ಚು 20–30 ಕಿಲೋಕ್ಯಾಲರಿ ತಗ್ಗಿದರೆ, ಹಸಿವು 100ರಷ್ಟು ಏರುತ್ತದೆ. ಐದು ಕಿಲೋ ಇಳಿದವರ ಒಳಗೆ ಹಾಗಾದರೆ ದಿನವೂ 500 ಕಿಲೋಕ್ಯಾಲರಿ ಹೆಚ್ಚು ಬೇಡುವ ದನಿಯೊಂದು ಎದ್ದಿರುತ್ತದೆ. ಮೊದಲ ತಿಂಗಳಲ್ಲಿ ಸಲೀಸಾಗಿದ್ದ ಪಥ್ಯವೇ ಎಂಟನೆಯ ತಿಂಗಳಲ್ಲಿ ದುಸ್ತರವಾಗುವುದು, ಗೊತ್ತೇ ಆಗದೆ ತುತ್ತುಗಳು ಹೆಚ್ಚುವುದು ಈ ಕಾರಣದಿಂದ. ‘ಬಾಯಿ ಕಟ್ಟಲು ಬರುವುದಿಲ್ಲ’ ಎಂದು ಮನೆಯವರು ಆಡಿಕೊಳ್ಳುವುದು ಹಾರ್ಮೋನುಗಳ ವಿಷಯದಲ್ಲಿ ಅಜ್ಞಾನದ ಮಾತು.

ಅಮೆರಿಕದ ದೂರದರ್ಶನ ಸ್ಪರ್ಧೆಯೊಂದರಲ್ಲಿ ಮೂವತ್ತು ವಾರಕ್ಕೆ ಸರಾಸರಿ 58 ಕಿಲೋ ಇಳಿದ 14 ಜನರನ್ನು ಆರು ವರ್ಷದ ಮೇಲೆ ಪರೀಕ್ಷಿಸಿದಾಗ 41 ಕಿಲೋ ಮರಳಿ ಬಂದಿತ್ತು. ಅವರ ವಿಶ್ರಾಂತ ಸ್ಥಿತಿಯ ಇಂಧನ ವ್ಯಯ ಅಷ್ಟು ತೂಕದವರಲ್ಲಿ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕಿಲೋಕ್ಯಾಲರಿ ಕಡಿಮೆಯಿತ್ತು. ಇದು ತೀರಾ ಅತಿರೇಕದ ಉದಾಹರಣೆ, ಎಲ್ಲರಿಗೂ ಅನ್ವಯಿಸುವುದಿಲ್ಲ. ಆದರೆ ದೇಹ ತನ್ನ ಹಳೆಯ ತೂಕವನ್ನು ಎಷ್ಟು ಕಾಲ ನೆನಪಿಟ್ಟುಕೊಳ್ಳಬಲ್ಲದೆಂಬುದಕ್ಕೆ ಸಾಕ್ಷಿಯಾಗಿದೆ.

ಇನ್ನು ನಿರೀಕ್ಷೆಯ ಮಾತು. 1997ರಲ್ಲಿ ಗ್ಯಾರಿ ಫಾಸ್ಟರ್ ಮತ್ತು ಸಂಗಡಿಗರು ಚಿಕಿತ್ಸೆಗೆ ಬಂದ 60 ಮಂದಿ ಸ್ಥೂಲಕಾಯದ ಹೆಂಗಸರನ್ನು, ಎಷ್ಟು ಇಳಿದರೆ ನಿಮಗೆ ಸಮಾಧಾನ ಎಂದು ಕೇಳಿದರು. ಅವರಿಟ್ಟುಕೊಂಡ ಗುರಿ ತಮ್ಮ ತೂಕದ ಶೇ. 32. ಇಪ್ಪತ್ತೈದು ಕಿಲೋ ಇಳಿದರೆ ಪರವಾಗಿಲ್ಲ ಎಂದರು. ಹದಿನೇಳು ಕಿಲೋ ಇಳಿದರೆ ನಿರಾಶೆಯೇ ಎಂದರು. 48 ವಾರದ ಚಿಕಿತ್ಸೆಯ ಕೊನೆಗೆ ಅವರು ಇಳಿದದ್ದು ಸರಾಸರಿ 16 ಕಿಲೋ. ವೈದ್ಯರ ದೃಷ್ಟಿಯಲ್ಲಿ ಅದು ಅಪರೂಪದ ಯಶಸ್ಸು, ಏಕೆಂದರೆ ಔಷಧವಿಲ್ಲದ ಚಿಕಿತ್ಸೆಗಳಲ್ಲಿ ಅಷ್ಟು ಇಳಿಕೆ ಸಾಮಾನ್ಯವಲ್ಲ. ಆದರೆ ಹೆಂಗಸರಲ್ಲಿ ಅರ್ಧದಷ್ಟು ಮಂದಿ ತಾವೇ ‘ನಿರಾಶೆ’ ಎಂದು ಗೆರೆ ಎಳೆದ ಅಂಕಿಯನ್ನೂ ಮುಟ್ಟಿರಲಿಲ್ಲ. ಒಂದೇ ಫಲಿತಾಂಶವನ್ನು ವೈದ್ಯರು ಗೆಲುವೆಂದೂ ರೋಗಿ ಸೋಲೆಂದೂ ಬರೆದುಕೊಳ್ಳುವ ಈ ಅಂತರ ಇಂದಿಗೂ ಹಾಗೆಯೇ ಇದೆ.

ವೈದ್ಯರು ಗೆಲುವೆನ್ನುವುದು ಯಾವ ಆಧಾರದ ಮೇಲೆ? ಅಮೆರಿಕದ ಮಧುಮೇಹ ತಡೆ ಅಧ್ಯಯನ ಇದಕ್ಕೆ ಗಟ್ಟಿಯಾದ ಉತ್ತರ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 3,234 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶೇ. 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆಯ ಗುರಿ ಕೊಟ್ಟರು. ಆರು ತಿಂಗಳ ಪಾಠಗಳು ಮುಗಿದಾಗ ಆ ಗುರಿ ತಲುಪಿದ್ದವರು ಅರ್ಧದಷ್ಟು ಮಂದಿ. ಕೊನೆಯ ಭೇಟಿಯ ಹೊತ್ತಿಗೆ ಶೇ. 38. ಸರಾಸರಿ ಇಳಿಕೆ 5.6 ಕಿಲೋ. ಆದರೂ 2002ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆ ಗುಂಪಿನ ಮಧುಮೇಹ ಶೇ. 58ರಷ್ಟು ಕಡಿಮೆಯಾಗಿತ್ತು, ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರಲ್ಲಿ ಶೇ. 31. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ಮುಂದಾಳತ್ವದಲ್ಲಿ 531 ಜನರ ಮೇಲೆ ನಡೆದು 2006ರಲ್ಲಿ ಹೊರಬಂದ ಭಾರತದ ಅಧ್ಯಯನ ಇದಕ್ಕಿಂತಲೂ ಕುತೂಹಲಕರ. ಮೂರು ವರ್ಷದಲ್ಲಿ, ಸಲಹೆಯಿಲ್ಲದ ಗುಂಪಿನ ಶೇ. 55 ಮಂದಿಗೆ ಮಧುಮೇಹ ಬಂದರೆ, ಆಹಾರ ಮತ್ತು ನಡಿಗೆಯ ಸಲಹೆ ಪಾಲಿಸಿದವರಲ್ಲಿ ಬಂದದ್ದು ಶೇ. 39 ಮಂದಿಗೆ. ಅವರ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು! ಯಂತ್ರದ ಮುಳ್ಳನ್ನೇ ನಂಬಿ ಕೂತಿದ್ದರೆ ಅವರೆಲ್ಲ ಆರು ತಿಂಗಳಿಗೇ ಬಿಟ್ಟುಬಿಡಬೇಕಿತ್ತು. ಅಲ್ಪ ಇಳಿಕೆ ಸರ್ವರೋಗಹರ ಎಂದೂ ಇದರಿಂದ ತಿಳಿಯಬೇಕಿಲ್ಲ. ಈಗಾಗಲೇ ಮಧುಮೇಹವಿದ್ದ 5,145 ಜನರ ಮೇಲಿನ ‘ಲುಕ್ ಅಹೆಡ್’ ಅಧ್ಯಯನದಲ್ಲಿ ಮೊದಲ ವರ್ಷ ಶೇ. 8.6, ಎಂಟನೆಯ ವರ್ಷ ಶೇ. 4.7 ಇಳಿಕೆ ಉಳಿದಿತ್ತು. ಆದರೆ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾದದ್ದು ಕಾಣಲಿಲ್ಲ. ನಿರೀಕ್ಷೆ ವಾಸ್ತವವಾಗಿರಬೇಕೆಂಬ ಮಾತು ಲಾಭಗಳ ಪಟ್ಟಿಗೂ ಅನ್ವಯಿಸಬೇಕು.

ಈ ಅಂಕಿಗಳನ್ನು ನಮ್ಮ ಮೈಗೆ ಹೊಂದಿಸುವಾಗ ಇನ್ನೊಂದು ತಿದ್ದುಪಡಿ ಅಗತ್ಯ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚು ಹಾಕಿ ಒಂದು ಸೋಜಿಗವನ್ನು ಮುಂದಿಟ್ಟರು: ಇಬ್ಬರ ದೇಹತೂಕ ಸೂಚ್ಯಂಕವೂ 22.3, ಕೊಬ್ಬಿನ ಪ್ರಮಾಣ ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2. ನೋಡಲು ಸಣಕಲಾದರೂ ಹೊಟ್ಟೆಯೊಳಗೆ ಕೊಬ್ಬು ಹೊತ್ತಿರುವ ಈ ಮೈಕಟ್ಟಿನ ಕಾರಣಕ್ಕೆ ಭಾರತೀಯರಿಗೆ ಅತಿತೂಕದ ಗೆರೆಯನ್ನು ಸೂಚ್ಯಂಕ 23ಕ್ಕೂ ಬೊಜ್ಜಿನ ಗೆರೆಯನ್ನು 25ಕ್ಕೂ ಇಳಿಸಿದ್ದಾರೆ. ಸೊಂಟದ ಸುತ್ತಳತೆಯ ಗೆರೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸೂಚ್ಯಂಕ 25 ಮುಟ್ಟಿದವರು ಅಥವಾ ದಾಟಿದವರು ಕರ್ನಾಟಕದಲ್ಲಿ ಹೆಂಗಸರು, ಗಂಡಸರು ಎರಡು ಕಡೆಯೂ ಸುಮಾರು ಶೇ. 30. ಗೆರೆ ಇಳಿದರೂ ಇಳಿಕೆಯ ಗುರಿ ಮಾತ್ರ ಪರದೇಶದ್ದೇ ಉಳಿದಿರುವುದು ವಿಚಿತ್ರ. ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿದ್ದವರ ಸರಾಸರಿ ತೂಕ 94 ಕಿಲೋ, ಅವರಿಗೆ ಶೇ. 7 ಎಂದರೆ ಆರೂವರೆ ಕಿಲೋ. ಹಾಸನದ 66 ಕಿಲೋದ ಗೃಹಿಣಿಗೆ ಅದೇ ಶೇ. 7 ಎಂದರೆ ನಾಲ್ಕೂವರೆ ಕಿಲೋ. ‘ವಾರಕ್ಕೆ ಅರ್ಧ ಕಿಲೋ’ ಕೂಡ ಎಲ್ಲರಿಗೂ ಒಂದೇ ಭಾರವಲ್ಲ. ಅದಕ್ಕೆ ದಿನಕ್ಕೆ 550 ಕಿಲೋಕ್ಯಾಲರಿಯ ಕೊರತೆ ಬೇಕು. ದಿನಕ್ಕೆ 2,800 ವ್ಯಯಿಸುವ ದೊಡ್ಡ ಮೈಯವನಿಗೆ ಅದು ಐದರಲ್ಲೊಂದು ಪಾಲು. 1,700ರ ಆಸುಪಾಸು ವ್ಯಯಿಸುವ ಹೆಂಗಸಿಗೆ ಮೂರರಲ್ಲೊಂದು ಪಾಲು. ಅಷ್ಟು ಕಡಿತ ಮಾಡಿದರೆ ಆಕೆಯ ತಟ್ಟೆಯಲ್ಲಿ ಉಳಿಯುವುದು 1,150, ಎಂದರೆ ಪೋಷಣಾ ಸಂಸ್ಥೆ ಎಳೆದ ಕೆಳಗೆರೆಯ ಅಂಚು. ಕುಳ್ಳಗಿರುವ, ಕೂತು ಕೆಲಸ ಮಾಡುವ, ಐವತ್ತು ದಾಟಿದ ಹೆಂಗಸರಿಗೆ ವಾರಕ್ಕೆ ಕಾಲು ಕಿಲೋ ಎಂಬುದೇ ನ್ಯಾಯವಾದ ನಿರೀಕ್ಷೆ.

ನಿಧಾನದ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ವಿರುದ್ಧದ ಸಾಕ್ಷ್ಯವನ್ನು ಮುಚ್ಚಿಡುವುದು ಸರಿಯಲ್ಲ. ಬೇಗ ಇಳಿದದ್ದು ಬೇಗ ಮರಳುತ್ತದೆ, ನಿಧಾನವಾಗಿ ಇಳಿದದ್ದು ಉಳಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಮೆಲ್ಬರ್ನಿನ ಸಂಶೋಧಕರು 200 ಜನರನ್ನು ಎರಡಾಗಿ ಹಂಚಿ, ಒಂದು ಗುಂಪಿಗೆ 12 ವಾರದಲ್ಲೂ ಇನ್ನೊಂದಕ್ಕೆ 36 ವಾರದಲ್ಲೂ ಶೇ. 15ರ ಇಳಿಕೆಯ ಗುರಿ ಕೊಟ್ಟು ಇದನ್ನು ಒರೆಗೆ ಹಚ್ಚಿದರು. 2014ರಲ್ಲಿ ಬಂದ ಫಲಿತಾಂಶ: ಶೇ. 12.5 ಅಥವಾ ಹೆಚ್ಚು ಇಳಿದವರು ವೇಗದ ಗುಂಪಿನಲ್ಲಿ ಶೇ. 81, ನಿಧಾನದ ಗುಂಪಿನಲ್ಲಿ ಶೇ. 50. ಮುಂದಿನ 144 ವಾರಗಳಲ್ಲಿ ಎರಡು ಗುಂಪಿನವರೂ ಇಳಿದ ತೂಕದ ಶೇ. 71ರಷ್ಟನ್ನು ಮರಳಿ ಪಡೆದರು. ಬ್ರಿಟನ್ನಿನ ‘ಡೈರೆಕ್ಟ್’ ಅಧ್ಯಯನದಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕಿಲೋಕ್ಯಾಲರಿಯ ದ್ರವಾಹಾರದಲ್ಲಿದ್ದ ಮಧುಮೇಹಿಗಳಲ್ಲಿ ಶೇ. 46 ಮಂದಿಯ ಕಾಯಿಲೆ ಒಂದು ವರ್ಷದ ಕೊನೆಗೆ ಔಷಧವಿಲ್ಲದೆ ಹತೋಟಿಗೆ ಬಂದಿತ್ತು. 15 ಕಿಲೋ ಅಥವಾ ಹೆಚ್ಚು ಇಳಿದವರಲ್ಲಂತೂ ಶೇ. 86. ಹಾಗಾದರೆ ನಿಧಾನ ತನ್ನಷ್ಟಕ್ಕೆ ಪುಣ್ಯಕಾರ್ಯವಲ್ಲ. ವೈದ್ಯರ ಕಣ್ಗಾವಲಿದ್ದರೆ ಬೇಗ ಇಳಿಯುವುದೂ ಒಂದು ದಾರಿಯೇ. ಆದರೆ ಕಣ್ಗಾವಲು ಎಂಬ ಆ ಮಾತನ್ನು ಬಿಟ್ಟು ಓದಬಾರದು. ವಾರಕ್ಕೆ ಒಂದೂವರೆ ಕಿಲೋ ಮೀರಿದ ಇಳಿಕೆಯಲ್ಲಿ ಪಿತ್ತಕೋಶದ ಕಲ್ಲಿನ ಅಪಾಯ ಏರುತ್ತದೆ. ಪ್ರೋಟೀನು, ವ್ಯಾಯಾಮಗಳ ಲಕ್ಷ್ಯವಿಲ್ಲದ ಕಡಿತದಲ್ಲಿ ಸ್ನಾಯು ಸವೆಯುತ್ತದೆ. ಕೊಬ್ಬು ಹೆಚ್ಚಿ ಸ್ನಾಯು ಕಡಿಮೆಯಿರುವ ಭಾರತೀಯ ಮೈಗೆ ಅದು ದುಬಾರಿ ನಷ್ಟ. ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ಊಟ ತಗ್ಗಿಸಿ ಔಷಧ ತಗ್ಗಿಸದಿದ್ದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯುತ್ತದೆ. ಮೆಲ್ಬರ್ನಿನ ಅಧ್ಯಯನದ ಮುಖ್ಯ ಪಾಠವೆಂದರೆ, ಯಾವ ವೇಗದಲ್ಲಿ ಇಳಿದರೂ ಇಳಿದಲ್ಲಿ ನಿಲ್ಲುವುದಕ್ಕೆ ಬೇರೆಯೇ ಏರ್ಪಾಡು ಬೇಕು.

ಇನ್ನೊಂದು ಆಕ್ಷೇಪ ಗುರಿಯನ್ನೇ ಕುರಿತದ್ದು. ಮೊದಲೇ ‘ನಾಲ್ಕು ಕಿಲೋ ಸಾಕು’ ಎಂದರೆ ಉತ್ಸಾಹ ಎಲ್ಲಿಂದ ಬರಬೇಕು, ದೊಡ್ಡ ಕನಸಿದ್ದವರೇ ಹೆಚ್ಚು ಇಳಿಯುತ್ತಾರೆ ಎನ್ನುವವರಿದ್ದಾರೆ. 2013ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಹೆಸರಾಂತ ಲೇಖನವೊಂದು ಬೊಜ್ಜಿನ ಬಗೆಗಿನ ಏಳು ಮಿಥ್ಯೆಗಳನ್ನು ಹೆಸರಿಸಿತು, ಅವುಗಳಲ್ಲಿ ‘ವಾಸ್ತವ ಗುರಿ ಇಲ್ಲದಿದ್ದರೆ ಇಳಿಕೆ ಕುಂಠಿತವಾಗುತ್ತದೆ’ ಎಂಬುದೂ ಒಂದು. ದೊಡ್ಡ ಗುರಿಯಿಟ್ಟವರು ಕಡಿಮೆ ಇಳಿಯುತ್ತಾರೆ ಎಂಬುದಕ್ಕೆ ಪುರಾವೆಯಿಲ್ಲ ಎಂಬುದು ನಿಜ, ಒಪ್ಪಬೇಕಾದ ಮಾತು. ಆದರೆ ಅದೇ ಪಟ್ಟಿಯ ಇನ್ನೊಂದು ಮಿಥ್ಯೆ ಯಾವುದೆಂದು ನೋಡಿ: ಸಣ್ಣ ಬದಲಾವಣೆಗಳು ಕಾಲಾಂತರದಲ್ಲಿ ಭಾರಿ ಇಳಿಕೆಯನ್ನು ತರುತ್ತವೆ ಎಂಬ, 3,500ರ ಸೂತ್ರದಿಂದ ಹುಟ್ಟಿದ ಆಸೆ. ಕನಸು ದೊಡ್ಡದಿರಲಿ, ಚಿಕ್ಕದಿರಲಿ, ಲೆಕ್ಕ ಸರಿಯಾಗಿರಬೇಕು. ದೊಡ್ಡ ಗುರಿಯಿಟ್ಟವರಿಗೂ ಆರನೆಯ ತಿಂಗಳಿಗೆ ಇಳಿಕೆ ನಿಲ್ಲುವುದು ಸಹಜವೆಂದು ಮೊದಲೇ ತಿಳಿಸಿದ್ದರೆ ಅದನ್ನು ಅವರು ಅಪಶಕುನವೆಂದು ಭಾವಿಸುವುದಿಲ್ಲ. ಅಲ್ಲದೆ ವಾಸ್ತವ ನಿರೀಕ್ಷೆಯನ್ನು ಇಳಿಕೆಯ ಸಾಧನವೆಂದಷ್ಟೇ ಸಮರ್ಥಿಸಬೇಕಾಗಿಲ್ಲ. ರೋಗಿಗೆ ನಿಜ ತಿಳಿಯುವ ಹಕ್ಕಿದೆ. ಸುಳ್ಳು ಭರವಸೆಯಿಂದ ಎರಡು ಕಿಲೋ ಹೆಚ್ಚು ಇಳಿದರೂ ಅದು ವೈದ್ಯವೃತ್ತಿಗೆ ಒಪ್ಪುವ ದಾರಿಯಲ್ಲ.

ಹೊಸ ಚುಚ್ಚುಮದ್ದುಗಳು ಬಂದ ಮೇಲೆ ಈ ಚರ್ಚೆಯೇ ಹಳತಾಯಿತೆಂಬ ಅಭಿಪ್ರಾಯ ಬೆಳೆಯುತ್ತಿದೆ. ಸೆಮಾಗ್ಲುಟೈಡ್ 68 ವಾರದಲ್ಲಿ ಸರಾಸರಿ ಶೇ. 14.9 ಇಳಿಸಿದ್ದು 2021ರಲ್ಲಿ ವರದಿಯಾಯಿತು. ಟಿರ್ಜೆಪಟೈಡ್ 2025ರ ಮಾರ್ಚಿನಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಇಲ್ಲಿಯವರೆಗೆ ಹೇಳಿದ ಹಸಿವಿನ ದನಿಯನ್ನೇ ಇವು ತಗ್ಗಿಸುತ್ತವೆ, ಆದ್ದರಿಂದಲೇ ಫಲ ದೊಡ್ಡದು. ಆದರೆ ಇವೂ ನಿಧಾನದ ಔಷಧಗಳೇ. ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ತಿಂಗಳುಗಟ್ಟಲೆ ಏರಿಸುತ್ತ ಹೋಗುತ್ತಾರೆ. ಪೂರ್ತಿ ಇಳಿಕೆಗೆ ಒಂದು ವರ್ಷದ ಮೇಲೆ ಬೇಕು. ಕೊನೆಗೆ ಇಲ್ಲಿಯೂ ನಕ್ಷೆ ಸಮತಟ್ಟಾಗುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲೆರಡು ಭಾಗ ಮರಳಿತು. ಔಷಧ ಇಳಿಕೆಯ ಅಂಕಿಯನ್ನು ಬದಲಿಸಿತು, ಉಳಿಕೆಯ ಪ್ರಶ್ನೆಯನ್ನು ಹಾಗೆಯೇ ಬಿಟ್ಟಿತು.

ಉಳಿಸಿಕೊಂಡವರ ಬಗ್ಗೆ ತಿಳಿದಿರುವುದು ಸ್ವಲ್ಪವೇ. ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ 1994ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ರಾಷ್ಟ್ರೀಯ ತೂಕ ನಿಯಂತ್ರಣ ದಾಖಲೆಯಲ್ಲಿ, ಕನಿಷ್ಠ 13.6 ಕಿಲೋ ಇಳಿದು ಒಂದು ವರ್ಷವಾದರೂ ಉಳಿಸಿಕೊಂಡ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ಇಳಿದ ಬಗೆ ಒಬ್ಬೊಬ್ಬರದು ಒಂದೊಂದು. ಉಳಿಸಿಕೊಂಡ ಬಗೆಯಲ್ಲಿ ಹೋಲಿಕೆಯಿದೆ. ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ನಡೆಯುವಂಥ ಚಟುವಟಿಕೆ ಮಾಡುತ್ತಾರೆ, ನಿಯಮಿತವಾಗಿ ತೂಕ ನೋಡಿಕೊಳ್ಳುತ್ತಾರೆ. ಇವರು ತಾವಾಗಿ ಹೆಸರು ಕೊಟ್ಟವರು, ಆದ್ದರಿಂದ ಇದನ್ನು ಎಲ್ಲರಿಗೂ ಹಿಗ್ಗಿಸುವಂತಿಲ್ಲ. ಆದರೂ ವ್ಯಾಯಾಮದ ಸ್ಥಾನ ಎಲ್ಲಿ ಎಂಬ ಸುಳಿವು ಇಲ್ಲಿದೆ. ಎಪ್ಪತ್ತು ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ವ್ಯಯವಾಗುವುದು 100–120 ಕಿಲೋಕ್ಯಾಲರಿ. ಸಾರಿನನ್ನಕ್ಕೆ ಬಿದ್ದ ಒಂದು ದೊಡ್ಡ ಚಮಚ ತುಪ್ಪದಲ್ಲಿ 130 ಇರುತ್ತದೆ. ಇಳಿಸುವುದರಲ್ಲಿ ನಡಿಗೆಯ ಪಾಲು ಚಿಕ್ಕದು, ಇಳಿದದ್ದನ್ನು ಹಿಡಿದಿಡುವುದರಲ್ಲಿ ದೊಡ್ಡದು. ತೂಕ ನೋಡಿಕೊಳ್ಳುವವರು ಒಂದೇ ಯಂತ್ರದ ಮೇಲೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನಿಂತು, ದಿನದ ಅಂಕಿಯನ್ನು ಬಿಟ್ಟು ವಾರದ ಸರಾಸರಿಯನ್ನು ಹಿಂದಿನ ತಿಂಗಳಿನದರ ಜೊತೆ ಹೋಲಿಸುವುದು ಒಳ್ಳೆಯದು. ತಿಂಗಳಿಗೊಮ್ಮೆ ಹೊಕ್ಕುಳ ಮಟ್ಟಕ್ಕೆ ಟೇಪು ಹಿಡಿದು ಸುತ್ತಳತೆ ಬರೆದಿಟ್ಟರೆ ಇನ್ನೂ ಒಳ್ಳೆಯದು. ಮುಳ್ಳು ನಿಂತ ತಿಂಗಳುಗಳಲ್ಲೂ ಟೇಪು ಕೆಲವೊಮ್ಮೆ ಬೇರೆ ಸುದ್ದಿ ಹೇಳುತ್ತದೆ.

ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳು, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯವರು ವೈದ್ಯರನ್ನು ಕೇಳದೆ ಯಾವ ವೇಗದ ಪಥ್ಯಕ್ಕೂ ಇಳಿಯಬಾರದು. ಇನ್ನು ಯಾವ ಪ್ರಯತ್ನವೂ ಇಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ದೇಹದ ತೂಕ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ ಸಂತೋಷಪಡುವ ಮುಂಚೆ ವೈದ್ಯರಿಗೆ ತೋರಿಸಬೇಕು. ಕ್ಷಯ, ಹತೋಟಿ ತಪ್ಪಿದ ಮಧುಮೇಹ, ಥೈರಾಯ್ಡಿನ ಅತಿಸ್ರಾವ, ಕ್ಯಾನ್ಸರುಗಳು ಹಲವು ಸಲ ಹಾಗೆಯೇ ಶುರುವಾಗುತ್ತವೆ.